ಬೆಳಕಿನ ಪರೀಕ್ಷಕ ರಾಬರ್ಟ್ ವುಡ್

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಮಾತು. ಕಣ್ಣಾರೆ ಕಂಡುದನ್ನೂ ಮತ್ತೊಮ್ಮೆ ಪರೀಕ್ಷಿಸಬೇಕೆನ್ನುವ ಈ ಗಾದೆ ಲೋಕವ್ಯವಹಾರಕ್ಕೆ ಒಪ್ಪುವುದಕ್ಕಿಂತ ಹೆಚ್ಚಾಗಿ ವಿಜ್ಞಾನಕ್ಕೆ ಒಪ್ಪುತ್ತದೆ. ಇಲ್ಲದುದನ್ನು ಇದೆಯೆಂದು ನಂಬುವುದು ವಿಜ್ಞಾನಿಗೆ ಒದಗಬಹುದಾದ ಒಂದು ಅಪಾಯ. ಇರುವುದನ್ನು ಇಲ್ಲವೆಂದು ತಳ್ಳಿಹಾಕುವುದು ಇನ್ನೊಂದು. ಇವೆರಡರ ನಡುವಣ ದಾರಿ ಬಲು ಕಿರಿದು. ಆ ದಾರಿಯಲ್ಲಿ ಎಡವದೆ ನಡೆದವರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲಿಯಮ್ಸ್ ವುಡ್ ಒಬ್ಬನು. 1904ರಲ್ಲಿ ಅವನು ಫ್ರಾನ್ಸಿನ ಒಂದು ಕತ್ತಲೆಕೋಣೆಯಲ್ಲಿ ನಿಂತು, ಬಹುಜನ ವಿದ್ವಾಂಸರು ಕಂಡೆವೆಂದು ಹೇಳುತ್ತಿದ್ದ ಹೊಸ ಕಿರಣವೊಂದು ಇಲ್ಲವೇ ಇಲ್ಲವೆಂದು ತೋರಿಸಿದನು. 1928ರಲ್ಲಿ ಕಲ್ಕತ್ತೆಯಿಂದ ಬಂದ ಇನ್ನೊಂದು ಹೊಸ ಬೆಳಕಿನ ಸುದ್ದಿಯನ್ನು ತಾನೇ ಪರೀಕ್ಷಿಸಿ, ಅದು ಸತ್ಯವೆಂದು ಲೋಕಕ್ಕೆ ಸಾರಿದನು. ಎರಡು ಕಡೆಯೂ ನೋಡಬೇಕಾಗಿದ್ದುದು ಕಣ್ಣಿಗೆ ಕಂಡೂ ಕಾಣದಂಥ ಮಂದವಾದ ಬೆಳಕನ್ನೇ. ಹಾಗಿದ್ದಲ್ಲಿ ಒಂದು ಹುಸಿ, ಇನ್ನೊಂದು ದಿಟ ಎಂಬ ನಿರ್ಣಯ ಹೇಗೆ ಸಾಧ್ಯವಾಯಿತು? ಇದನ್ನು ಅರಿಯುವ ಮುನ್ನ ಅವನ ಜೀವನವನ್ನೂ ಕೆಲಸದ ರೀತಿಯನ್ನೂ ಸ್ವಲ್ಪ ಪರಿಚಯ ಮಾಡಿಕೊಳ್ಳೋಣ.

ವಿದ್ಯಾಭ್ಯಾಸ

ವುಡ್ ಹುಟ್ಟಿದ್ದು 1868ರ ಮೇ 2ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಕಾಂಕರ್ಡ್ ಎಂಬ ಊರಿನಲ್ಲಿ. ತಂದೆ ವೈದ್ಯನಾಗಿದ್ದನು. ಹುಡುಗನಿಗೆ ಪಾಠಪುಸ್ತಕಗಳಿಗಿಂತ ಯಂತ್ರಗಳಲ್ಲಿಯೂ ರಾಸಾಯನಿಕ ವಸ್ತುಗಳಲ್ಲಿಯೂ ಆಸಕ್ತಿ ಹೆಚ್ಚು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರವನ್ನು ಓದಿ 1891ರಲ್ಲಿ ಪದವೀಧರನಾದನು. 1894ರಲ್ಲಿ ಹೆಚ್ಚಿನ ವ್ಯಾಸಂಗಕ್ಕಾಗಿ ಬರ್ಲಿನ್ನಿಗೆ ಹೋದವನು, ಅಲ್ಲಿ ಹೈನ್‌ರಿಖ್ ರೂಬೆನ್ಸ್ ಎಂಬ ಭೌತವಿಜ್ಞಾನಿಯ ಪ್ರಭಾವಕ್ಕೆ ಒಳಗಾಗಿ ರಸಾಯನಶಾಸ್ತ್ರವನ್ನು ಬಿಟ್ಟು ಭೌತಶಾಸ್ತ್ರವನ್ನು ಹಿಡಿದನು. ಅದೇ ಕಾಲದಲ್ಲಿ ಜರ್ಮನಿಯ ಆಟೊ ಲಿಲಿಯೆಂತಾಲ್ ರೆಕ್ಕೆಗಳನ್ನು ಕಟ್ಟಿಕೊಂಡು ಗುಡ್ಡದಿಂದ ತೇಲಿಬರುವ ಸಾಹಸದಲ್ಲಿ ತೊಡಗಿದ್ದನು. ವುಡ್ ಅದನ್ನು ನೋಡಿ ಛಾಯಾಚಿತ್ರಗಳನ್ನು ತೆಗೆದುದಲ್ಲದೆ, ತಾನೂ ಆ ರೆಕ್ಕೆಗಳನ್ನು ತೊಟ್ಟು ಪ್ರಯತ್ನಿಸಿದನು. ಕೆಲವೇ ದಿನಗಳ ಮೇಲೆ, 1896ರ ಆಗಸ್ಟಿನಲ್ಲಿ, ಲಿಲಿಯೆಂತಾಲ್ ಕೆಳಗೆ ಬಿದ್ದು ಸತ್ತನು. ಯಾವುದನ್ನಾದರೂ ಕೇಳಿ ತೃಪ್ತನಾಗದೆ ತಾನೇ ಮಾಡಿ ನೋಡುವ ವುಡ್‌ನ ಸ್ವಭಾವಕ್ಕೆ ಇದೊಂದು ನಿದರ್ಶನ.

1897ರಿಂದ ಅವನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗಿದ್ದನು. ಅಲ್ಲಿಯ ಕಡುಚಳಿಯಲ್ಲಿ ನೆಲದಡಿಯ ಕೊಳಾಯಿಗಳಲ್ಲಿ ನೀರು ಹೆಪ್ಪುಗಟ್ಟಿದಾಗ, ನೆಲವನ್ನು ಅಗೆಯದೆ ಕೊಳಾಯಿಯ ಲೋಹದಲ್ಲಿಯೇ ವಿದ್ಯುತ್ತನ್ನು ಹಾಯಿಸಿ ಹಿಮವನ್ನು ಕರಗಿಸುವ ಉಪಾಯವನ್ನು ಅವನು ಬಳಕೆಗೆ ತಂದನು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಹೆನ್ರಿ ರೋಲಂಡ್ 1901ರಲ್ಲಿ ತೀರಿಕೊಳ್ಳಲು, ಆ ಸ್ಥಾನಕ್ಕೆ ವುಡ್ ಬಂದನು. 1938ರವರೆಗೆ ಅಲ್ಲಿಯೇ ಪ್ರಾಧ್ಯಾಪಕನಾಗಿದ್ದನು.

ಗೆರೆಗಳೂ ಆವಿಗಳೂ

ರೋಲಂಡ್ ಬಿಟ್ಟುಹೋದ ಆಸ್ತಿಯೆಂದರೆ ವಿವರ್ತನ ಫಲಕಗಳನ್ನು ಗೀರುವ ಯಂತ್ರಗಳು. ನಯವಾದ ಲೋಹದ ಕನ್ನಡಿಯ ಮೇಲೆ ವಜ್ರದ ಮೊನೆಯಿಂದ ಒಂದು ಅಂಗುಲದೊಳಗೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಸಮಾನಾಂತರ ಗೆರೆಗಳನ್ನು ಗೀರಿದರೆ, ಆ ಫಲಕವು ತನ್ನ ಮೇಲೆ ಬಿದ್ದ ಬಿಳಿಯ ಬೆಳಕನ್ನು ಬಣ್ಣಬಣ್ಣವಾಗಿ ಹರಡುತ್ತದೆ. ಹೀಗೆ ಹರಡಿದ ಬಣ್ಣಗಳ ಪಟ್ಟಿಗೆ ರೋಹಿತವೆಂದು ಹೆಸರು. 1902ರಲ್ಲಿ ಇಂಥ ಒಂದು ಫಲಕವನ್ನು ಪರೀಕ್ಷಿಸುತ್ತಿದ್ದಾಗ ವುಡ್ ಒಂದು ವಿಚಿತ್ರವನ್ನು ಕಂಡನು. ರೋಹಿತದಲ್ಲಿ ಬೆಳಕು ಕ್ರಮವಾಗಿ ಏರಿ ಇಳಿಯುವ ಬದಲು, ಕೆಲವು ಕಡೆ ಥಟ್ಟನೆ ಹೊಳೆಯುತ್ತಲೂ ಪಕ್ಕದಲ್ಲಿಯೇ ಥಟ್ಟನೆ ಕಪ್ಪಾಗುತ್ತಲೂ ಇತ್ತು. ಕಾರಣ ಅವನಿಗೆ ಹೊಳೆಯಲಿಲ್ಲ. ಆದರೆ ಕಂಡುದನ್ನು ಮರೆಮಾಚದೆ ಹಾಗೆಯೇ ಪ್ರಕಟಿಸಿದನು. ಲೋಹದ ಮೈಯಲ್ಲಿರುವ ಎಲೆಕ್ಟ್ರಾನುಗಳು ಬೆಳಕಿನೊಡನೆ ಸೇರಿ ಅಲೆಯೆಬ್ಬಿಸುವುದೇ ಇದರ ಮೂಲವೆಂಬುದಕ್ಕೆ 1941ರಲ್ಲಿ ಊಗೊ ಫಾನೊ ದಾರಿ ತೋರಿದನು. ಇಂದು ಇದೇ ತತ್ತ್ವವು ರಕ್ತದಲ್ಲಿಯ ಅಣುಗಳನ್ನು ಗುರುತಿಸುವ ಸೂಕ್ಷ್ಮ ಉಪಕರಣಗಳಲ್ಲಿ ಬಳಕೆಯಾಗುತ್ತಿದೆ.

ವುಡ್‌ನ ಇನ್ನೊಂದು ದೊಡ್ಡ ಕೆಲಸ ಆವಿಗಳನ್ನು ಕುರಿತದ್ದು. ತಂಬೂರಿಯ ಎರಡು ತಂತಿಗಳನ್ನು ಒಂದೇ ಶ್ರುತಿಗೆ ಕೂಡಿಸಿ ಒಂದನ್ನು ಮೀಟಿದರೆ, ಮುಟ್ಟದ ಇನ್ನೊಂದು ತಂತಿಯೂ ಮಿಡಿಯುವುದನ್ನು ವಾಚಕರು ಬಲ್ಲರು. ಪರಮಾಣುಗಳಲ್ಲಿಯೂ ಇಂಥದು ನಡೆಯುತ್ತದೆಂದು ವುಡ್ ತೋರಿಸಿದನು. ಗಾಳಿಯನ್ನು ತೆಗೆದ ಗಾಜಿನ ಬುರುಡೆಯಲ್ಲಿ ಒಂದಿಷ್ಟು ಸೋಡಿಯಮ್ ಲೋಹವನ್ನಿಟ್ಟು ಕಾಯಿಸಿ ಆವಿ ಮಾಡಿದನು. ಅದರ ಮೇಲೆ ಸೋಡಿಯಮ್ ಜ್ವಾಲೆಯ ಹಳದಿ ಬೆಳಕನ್ನು ಬೀಳಿಸಲು, ಆವಿಯು ತಾನೂ ಅದೇ ಹಳದಿ ಬಣ್ಣದಿಂದ ಎಲ್ಲ ದಿಕ್ಕುಗಳಿಗೂ ಬೆಳಗಿತು. ತನ್ನ ಶ್ರುತಿಗೆ ಸೇರಿದ ಬೆಳಕನ್ನು ಪರಮಾಣು ಹೀರಿಕೊಂಡು ಮರಳಿ ಹೊರಸೂಸುವ ಈ ಕ್ರಿಯೆಗೆ ಅನುರಣನ ವಿಕಿರಣವೆಂದು ಹೆಸರು. 1913ರಲ್ಲಿ ನೀಲ್ಸ್ ಬೋರ್ ತನ್ನ ಪರಮಾಣು ಸಿದ್ಧಾಂತವನ್ನು ಮಂಡಿಸುವಾಗ ಸೋಡಿಯಮ್ ಆವಿಯ ಬಗ್ಗೆ ವುಡ್ ಕಂಡುಕೊಂಡ ಸಂಗತಿಗಳನ್ನು ಉಲ್ಲೇಖಿಸಿದ್ದಾನೆ. ವುಡ್ ಬರೆದ ‘ಫಿಸಿಕಲ್ ಆಪ್ಟಿಕ್ಸ್’ ಎಂಬ ಗ್ರಂಥ 1905ರಲ್ಲಿ ಹೊರಬಂದು, ಒಂದು ತಲೆಮಾರಿನ ವಿದ್ಯಾರ್ಥಿಗಳಿಗೆ ಬೆಳಕಿನ ಶಾಸ್ತ್ರವನ್ನು ಕಲಿಸಿತು.

ಕಾಣದ ಬೆಳಕಿನ ಚಿತ್ರಗಳು

ನಮ್ಮ ಕಣ್ಣಿಗೆ ನಿಲುಕುವುದು ನೇರಳೆಯಿಂದ ಕೆಂಪಿನವರೆಗಿನ ಬೆಳಕು ಮಾತ್ರ. ನೇರಳೆಯ ಆಚೆಗೆ ಅತಿನೇರಳೆ ಕಿರಣಗಳಿವೆ. ಕೆಂಪಿನ ಈಚೆಗೆ ಅವಕೆಂಪು ಕಿರಣಗಳಿವೆ. ಇವುಗಳಿಂದಲೂ ಛಾಯಾಚಿತ್ರಗಳನ್ನು ತೆಗೆಯಬಹುದಲ್ಲವೆ ಎಂದು ವುಡ್ ಆಲೋಚಿಸಿದನು. ಕಣ್ಣಿಗೆ ಕಾಣುವ ಬೆಳಕನ್ನೆಲ್ಲ ತಡೆದು ಅವಕೆಂಪನ್ನು ಮಾತ್ರ ಬಿಡುವ ಸೋಸುಗವನ್ನು ಕ್ಯಾಮರಾದ ಮುಂದಿಟ್ಟು 1910ರಲ್ಲಿ ಅವನು ಪ್ರಕಟಿಸಿದ ಚಿತ್ರಗಳು ನೋಡಿದವರನ್ನು ಬೆರಗುಗೊಳಿಸಿದವು. ನಡುಹಗಲಿನ ಆಕಾಶ ಅವುಗಳಲ್ಲಿ ಕಪ್ಪಾಗಿತ್ತು. ಹಸಿರು ಮರಗಳು ಹಿಮ ಸುರಿದಂತೆ ಬೆಳ್ಳಗಿದ್ದವು. ಎಲೆಯ ಹಸಿರು ದ್ರವ್ಯವು ಕೆಂಪು ಮತ್ತು ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ, ಅವಕೆಂಪನ್ನು ಹೀರುವುದಿಲ್ಲ. ಎಲೆಯೊಳಗಿನ ಕೋಶಗಳ ರಚನೆ ಅದನ್ನು ಚೆದರಿಸಿ ಹಿಂದಿರುಗಿಸುತ್ತದೆ. ನಮ್ಮ ದೇಶ 1988ರಲ್ಲಿ ಹಾರಿಸಿದ ದೂರಸಂವೇದಿ ಉಪಗ್ರಹ ಐ.ಆರ್.ಎಸ್.-1ಎ ಮೊದಲ್ಗೊಂಡು, ಬೆಳೆ ಕಾಡುಗಳನ್ನು ಮೇಲಿನಿಂದ ಗುರುತಿಸುವ ಉಪಗ್ರಹಗಳು ಎಲೆಯ ಈ ಗುಣವನ್ನೇ ನಂಬಿಕೊಂಡಿವೆ.

ಅತಿನೇರಳೆ ಬೆಳಕಿನಲ್ಲಿ ಅವನು ಚಂದ್ರನ ಚಿತ್ರವನ್ನು ತೆಗೆದಾಗ, ಅರಿಸ್ಟಾರ್ಕಸ್ ಎಂಬ ಕುಳಿಯ ಬಳಿ ಬರಿಗಣ್ಣಿಗೆ ಕಾಣದಿದ್ದ ಒಂದು ಕಪ್ಪು ಮಚ್ಚೆ ಗೋಚರಿಸಿತು. ಅದನ್ನು ಈಗಲೂ ವುಡ್‌ನ ಮಚ್ಚೆಯೆಂದು ಕರೆಯುತ್ತಾರೆ. ಒಂದನೆಯ ಮಹಾಯುದ್ಧ ಬಂದಾಗ, ರಹಸ್ಯ ಸಂಕೇತಗಳನ್ನು ಕಳುಹಿಸುವುದಕ್ಕಾಗಿ ಅವನು ನಿಕಲ್ ಆಕ್ಸೈಡ್ ಬೆರೆಸಿದ ಒಂದು ಬಗೆಯ ಗಾಜನ್ನು ರೂಪಿಸಿದನು. ನೋಡಲು ಕಪ್ಪಾದರೂ ಅದರ ಮೂಲಕ ಅತಿನೇರಳೆ ಕಿರಣಗಳು ಹಾಯುತ್ತಿದ್ದವು. ಯುದ್ಧದ ಈ ಗಾಜು ಮುಂದೆ ಆಸ್ಪತ್ರೆಯನ್ನು ಸೇರಿತು. ಅದರ ಮೂಲಕ ಬಂದ ಬೆಳಕಿನಲ್ಲಿ ತಲೆಗೂದಲಿಗೆ ತಗಲುವ ಕೆಲವು ಬಗೆಯ ಹುಳುಕಡ್ಡಿ ರೋಗ ಹಸಿರಾಗಿ ಹೊಳೆಯುವುದೆಂದು 1925ರಲ್ಲಿ ತಿಳಿದುಬಂದಿತು. ಚರ್ಮರೋಗ ತಜ್ಞರು ಇಂದಿಗೂ ‘ವುಡ್‌ನ ದೀಪ’ವನ್ನು ಬಳಸುತ್ತಾರೆ.

ಕೊಟ್ಟಿಗೆಯ ಪ್ರಯೋಗಶಾಲೆ

ಬೇಸಿಗೆಯ ರಜೆಯಲ್ಲಿ ವುಡ್ ನ್ಯೂಯಾರ್ಕಿನ ಬಳಿಯ ಲಾಂಗ್ ಐಲೆಂಡಿನಲ್ಲಿ, ಈಸ್ಟ್ ಹ್ಯಾಂಪ್ಟನ್ ಎಂಬಲ್ಲಿ ತಂಗುತ್ತಿದ್ದನು. ಅಲ್ಲಿಯ ಹಳೆಯ ಕೊಟ್ಟಿಗೆಯೇ ಅವನ ಪ್ರಯೋಗಶಾಲೆ. ಅಲ್ಲಿ ಅವನು ಸುಮಾರು 40 ಅಡಿ ಉದ್ದದ ರೋಹಿತದರ್ಶಕವನ್ನು ಕಟ್ಟಿದ್ದನು. ಚಳಿಗಾಲ ಕಳೆದು ಮರಳಿ ಬರುವಷ್ಟರಲ್ಲಿ ಅದರ ಉದ್ದನೆಯ ಕೊಳವೆಯ ತುಂಬ ಜೇಡರ ಬಲೆಗಳು ಕಟ್ಟಿಕೊಂಡಿರುತ್ತಿದ್ದವು. ಅಷ್ಟು ಉದ್ದದ ಕೊಳವೆಯನ್ನು ಗುಡಿಸುವುದು ಹೇಗೆ? ಮನೆಯ ಬೆಕ್ಕನ್ನು ಒಂದು ತುದಿಯಲ್ಲಿ ಒಳಗೆ ಬಿಟ್ಟು ಬಾಯಿ ಮುಚ್ಚಿದರೆ, ಅದು ಎದುರು ತುದಿಯ ಬೆಳಕನ್ನು ಅರಸಿ ಓಡುತ್ತ ಬಲೆಗಳನ್ನೆಲ್ಲ ಮೈಗೆ ಮೆತ್ತಿಕೊಂಡು ಹೊರಬರುತ್ತಿತ್ತು!

1908ರ ಸುಮಾರಿಗೆ ಅವನು ಪಾದರಸದ ದೂರದರ್ಶಕವನ್ನೂ ಮಾಡಿ ನೋಡಿದನು. ಒಂದು ಪಾತ್ರೆಯ ನೀರನ್ನು ಗಿರ್ರನೆ ತಿರುಗಿಸಿದರೆ ಅದರ ಮೈ ನಡುವೆ ತಗ್ಗಿ ಅಂಚಿನಲ್ಲಿ ಉಬ್ಬುತ್ತದೆ. ಪಾತ್ರೆಯನ್ನೇ ಒಂದೇ ಸಮನಾಗಿ ತಿರುಗಿಸಿದರೆ ದ್ರವದ ಮೈ ದೂರದರ್ಶಕದ ಕನ್ನಡಿಗೆ ಬೇಕಾದ ಪರವಲಯದ ಆಕಾರವನ್ನೇ ತಾಳುತ್ತದೆ. ನೀರಿನ ಬದಲು ಪಾದರಸವಿದ್ದರೆ ಅದೇ ಕನ್ನಡಿ. ವುಡ್‌ನ ಕನ್ನಡಿಯ ಅಗಲ ಸುಮಾರು 20 ಅಂಗುಲ. ಯಂತ್ರದ ಅದುರಿನಿಂದ ಏಳುತ್ತಿದ್ದ ಕಿರುದೆರೆಗಳನ್ನು ಪೂರ್ತಿಯಾಗಿ ಅಡಗಿಸುವುದು ಆಗ ಸಾಧ್ಯವಾಗಲಿಲ್ಲ. ಆದರೆ ತತ್ತ್ವ ಸರಿಯಾಗಿತ್ತು. ಉತ್ತರಾಖಂಡದ ದೇವಸ್ಥಲದಲ್ಲಿ ಸ್ಥಾಪಿತವಾಗಿ 2022ರಲ್ಲಿ ಮೊದಲ ಸಲ ಆಕಾಶವನ್ನು ನೋಡಿದ ಅಂತರರಾಷ್ಟ್ರೀಯ ದ್ರವದರ್ಪಣ ದೂರದರ್ಶಕದಲ್ಲಿ ಇರುವುದು ನಾಲ್ಕು ಮೀಟರ್ ಅಗಲದ ತಿರುಗುವ ಪಾದರಸವೇ.

ನ್ಯಾನ್ಸಿಯ ಕತ್ತಲೆಕೋಣೆ

ಇಂಥ ಕುಶಲಹಸ್ತನ ಕಣ್ಣಿಗೆ ಬಿದ್ದ ಆ ಹುಸಿ ಕಿರಣದ ಕಥೆಯನ್ನು ಈಗ ನೋಡೋಣ. ಇದಕ್ಕಾಗಿ ನಾವು ಸ್ವಲ್ಪ ಹಿಂದಕ್ಕೆ, 1903ನೆಯ ಇಸವಿಗೆ ಹೋಗಬೇಕು. ಕ್ಷ-ಕಿರಣಗಳೂ ವಿಕಿರಣಪಟುತ್ವವೂ ಬೆಳಕಿಗೆ ಬಂದು ಇನ್ನೂ ಹತ್ತು ವರ್ಷಗಳಾಗಿರಲಿಲ್ಲ. ಹೊಸ ಕಿರಣವೆಂದರೆ ಯಾರೂ ಅಸಂಭವವೆನ್ನುವ ಕಾಲವಲ್ಲ ಅದು. ಫ್ರಾನ್ಸಿನ ನ್ಯಾನ್ಸಿ ನಗರದ ಪ್ರಾಧ್ಯಾಪಕ ರೆನೆ ಬ್ಲಾಂಡ್ಲೊ, ಒಂದು ಸಣ್ಣ ವಿದ್ಯುತ್ ಕಿಡಿಯ ಹೊಳಪು ಹೆಚ್ಚುವುದನ್ನು ಕಂಡು, ಅದಕ್ಕೆ ಕಾರಣ ಹೊಸದೊಂದು ಕಿರಣವೆಂದು ತಿಳಿದು, ತನ್ನ ಊರಿನ ಮೊದಲಕ್ಷರದಿಂದ ಅದಕ್ಕೆ ‘ಎನ್-ಕಿರಣ’ವೆಂದು ಹೆಸರಿಟ್ಟನು. ಅವನು ಸಾಮಾನ್ಯನಲ್ಲ, ವಿದ್ಯುತ್ತಿನ ವೇಗವನ್ನು ಅಳೆದು ಕೀರ್ತಿ ಪಡೆದಿದ್ದ ಪ್ರಾಮಾಣಿಕ ವಿಜ್ಞಾನಿ. ಈ ಕಿರಣ ಮರವನ್ನೂ ಅಲ್ಯೂಮಿನಿಯಮ್ಮನ್ನೂ ದಾಟುತ್ತದೆ, ಸೀಸವನ್ನು ದಾಟದು ಎಂದು ಅವನು ಬರೆದನು. ಮನುಷ್ಯನ ನರಗಳಿಂದಲೂ ಸ್ನಾಯುಗಳಿಂದಲೂ ಅದು ಹೊರಡುತ್ತದೆಂದು ಇನ್ನೊಬ್ಬನು ಹೇಳಿದನು. ಕೆಲವೇ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಬರೆದ ಸುಮಾರು ಮುನ್ನೂರು ಲೇಖನಗಳು ಹೊರಬಂದವು. ಆದರೆ ಇಂಗ್ಲೆಂಡ್ ಜರ್ಮನಿಗಳ ಅನೇಕ ನಿಪುಣರಿಗೆ ಎಷ್ಟು ಪ್ರಯತ್ನಿಸಿದರೂ ಆ ಕಿರಣ ಕಾಣಲಿಲ್ಲ. ವುಡ್‌ಗೂ ಕಾಣಲಿಲ್ಲ. ಹೀಗಿರಲು, 1904ರ ಸೆಪ್ಟೆಂಬರಿನಲ್ಲಿ ಅವನು ತಾನೇ ನ್ಯಾನ್ಸಿಗೆ ಹೋದನು.

ಅಲ್ಲಿ ಮೂರು ಗಂಟೆಗೂ ಮೀರಿ ಅವನು ಪ್ರಯೋಗಗಳನ್ನು ನೋಡಿದನು. ಮೊದಲು, ಕಿಡಿಯ ದಾರಿಗೆ ಕೈ ಅಡ್ಡ ಹಿಡಿದರೆ ಎನ್-ಕಿರಣ ತಡೆದು ಕಿಡಿ ಮಂದವಾಗುವುದೆಂದು ಅವರು ತೋರಿಸಿದರು. ವುಡ್‌ಗೆ ವ್ಯತ್ಯಾಸವೇ ತಿಳಿಯಲಿಲ್ಲ. ತಾನು ಕೈಯನ್ನು ಅಡ್ಡ ಹಿಡಿಯುತ್ತ ತೆಗೆಯುತ್ತ ಇರುವಾಗ, ಕೈ ಇದೆಯೋ ಇಲ್ಲವೋ ಎಂಬುದನ್ನು ಕಿಡಿಯನ್ನು ಮಾತ್ರ ನೋಡಿ ಹೇಳಬೇಕೆಂದು ಕೇಳಿದನು. ಒಮ್ಮೆಯೂ ಸರಿಯುತ್ತರ ಬರಲಿಲ್ಲ. ಬಳಿಕ ಛಾಯಾಫಲಕಗಳನ್ನು ತೋರಿಸಿದರು. ಎನ್-ಕಿರಣ ಬಿದ್ದ ಕಿಡಿಯ ಚಿತ್ರ ಹೆಚ್ಚು ಉಜ್ಜ್ವಲವಾಗಿತ್ತು. ಆದರೆ ಫಲಕವನ್ನು ಆಚೀಚೆ ಸರಿಸಿ ಇಷ್ಟಿಷ್ಟು ಕ್ಷಣ ಬೆಳಕಿಗೆ ಒಡ್ಡುತ್ತಿದ್ದುದು ನಿರೀಕ್ಷೆ ತುಂಬಿದ ಮನುಷ್ಯನ ಕೈಯೇ. ಪ್ರತಿ ಸಲವೂ ಒಂದು ಕಡೆಗೆ ಒಂದಿಷ್ಟು ಹೆಚ್ಚು ಹೊತ್ತು ಕೊಟ್ಟರೆ ಸಾಕು, ವ್ಯತ್ಯಾಸ ಬೆಳೆಯುತ್ತ ಹೋಗುತ್ತದೆ.

ಮುಂದೆ ಬಂದದ್ದು ಮುಖ್ಯವಾದ ಪ್ರಯೋಗ. ಅಲ್ಯೂಮಿನಿಯಮ್ಮಿನ ಪಟ್ಟಕವೊಂದರ ಮೂಲಕ ಎನ್-ಕಿರಣವನ್ನು ಹಾಯಿಸಿದರೆ, ಗಾಜಿನ ಪಟ್ಟಕ ಬಿಳಿಯ ಬೆಳಕನ್ನು ಹರಡುವಂತೆ ಅದು ಕಿರಣವನ್ನು ಹಲವು ಭಾಗಗಳಾಗಿ ಹರಡುವುದೆಂದೂ, ಮಂದವಾಗಿ ಹೊಳೆಯುವ ಒಂದು ಗೆರೆಯನ್ನು ಸರಿಸುತ್ತ ಹೋದರೆ ಆ ಭಾಗಗಳಲ್ಲಿ ಗೆರೆ ಬೆಳಗುವುದೆಂದೂ ಬ್ಲಾಂಡ್ಲೊ ಹೇಳುತ್ತಿದ್ದನು. ಕಿರಣ ಬರುವ ಸೀಳು ಎರಡು-ಮೂರು ಮಿಲಿಮೀಟರ್ ಅಗಲ. ಆದರೆ ಸ್ಥಾನಗಳನ್ನು ಅವನು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಸೂಕ್ಷ್ಮವಾಗಿ ಓದುತ್ತಿದ್ದನು. ಕೋಣೆ ಕತ್ತಲಾಗಿತ್ತು. ವುಡ್ ಮೆಲ್ಲನೆ ಕೈಚಾಚಿ ಪಟ್ಟಕವನ್ನೇ ತೆಗೆದುಬಿಟ್ಟನು. ಕಿರಣವನ್ನು ಹರಡುವ ವಸ್ತುವೇ ಇಲ್ಲವಾದ ಮೇಲೆ ರೋಹಿತವೆಲ್ಲಿ? ಆದರೂ ಅಳತೆಗಳು ಮೊದಲಿನಂತೆಯೇ ಸಾಗಿದವು! ಇನ್ನೊಂದು ಪ್ರಯೋಗದಲ್ಲಿ ಉಕ್ಕಿನ ಅರವೊಂದನ್ನು ಕಣ್ಣಿನ ಬಳಿ ಹಿಡಿದರೆ ಮಬ್ಬುಗತ್ತಲೆಯಲ್ಲಿಯ ಗಡಿಯಾರ ಸ್ಪಷ್ಟವಾಗಿ ಕಾಣುವುದೆಂದರು. ವುಡ್ ಗುಟ್ಟಾಗಿ ಅರದ ಬದಲು ಮರದ ತುಂಡನ್ನು ಇಟ್ಟನು. ಗಡಿಯಾರ ಆಗಲೂ ಅಷ್ಟೇ ಸ್ಪಷ್ಟವಾಗಿ ಕಂಡಿತು. ಮರದಿಂದ ಎನ್-ಕಿರಣ ಹೊರಡುವುದಿಲ್ಲವೆಂದು ಹೇಳಿದ್ದವರೂ ಅವರೇ.

ಈ ವಿವರಗಳು 1904ರ ಸೆಪ್ಟೆಂಬರ್ 29ರ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದುವು. ಹೊರದೇಶಗಳಲ್ಲಿ ಎನ್-ಕಿರಣದ ಕಥೆ ಅಲ್ಲಿಗೆ ಮುಗಿಯಿತು. ಆಮೇಲೆ ಫ್ರಾನ್ಸಿನ ಒಂದು ವಿಜ್ಞಾನ ಪತ್ರಿಕೆ, ಮೊಹರು ಮಾಡಿದ ಎರಡು ಪೆಟ್ಟಿಗೆಗಳಲ್ಲಿ ಎನ್-ಕಿರಣವಿರುವುದು ಯಾವುದೆಂದು ಹೇಳಬಲ್ಲಿರಾ ಎಂದು ಕೇಳಿದಾಗ ಬ್ಲಾಂಡ್ಲೊ ಒಪ್ಪಲಿಲ್ಲ. ಅವನು ಮೋಸಗಾರನಾಗಿರಲಿಲ್ಲ ಎಂಬುದನ್ನು ನಾವು ಮರೆಯಬಾರದು. ಕಣ್ಣು ಕಾಣುವ ಶಕ್ತಿಯ ಅಂಚಿನಲ್ಲಿರುವ ಮಂದವಾದ ಬೆಳಕು ತಾನಾಗಿಯೇ ಏರಿಳಿಯುವಂತೆ ತೋರುತ್ತದೆ. ಆ ಏರಿಳಿತಕ್ಕೆ ಮನಸ್ಸು ತನ್ನ ಆಸೆಯ ಅರ್ಥವನ್ನು ಹಚ್ಚುತ್ತದೆ. ಪ್ರಾಮಾಣಿಕತೆಯೊಂದೇ ಇದನ್ನು ತಡೆಯಲಾರದು. ಈ ಪ್ರಸಂಗದ ನಿಜವಾದ ಗಾಂಭೀರ್ಯವಿರುವುದು ಇಲ್ಲಿ.

ಕಲ್ಕತ್ತೆಯಿಂದ ಬಂದ ಸುದ್ದಿ

ಇಪ್ಪತ್ತನಾಲ್ಕು ವರ್ಷಗಳು ಕಳೆದುವು. ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಅವರು ಕೆ. ಎಸ್. ಕೃಷ್ಣನ್ ಅವರೊಡನೆ, ದ್ರವಗಳ ಮೂಲಕ ಹಾದು ಚೆದರಿದ ಬೆಳಕನ್ನು ಪರೀಕ್ಷಿಸುತ್ತಿದ್ದರು. ಚೆದರಿದ ಬೆಳಕಿನಲ್ಲಿ ಮೂಲದ ಬಣ್ಣವಲ್ಲದೆ ಬೇರೆ ಬಣ್ಣವೂ ಅತ್ಯಲ್ಪವಾಗಿ ಬೆರೆತಿರುವುದನ್ನು ಅವರು 1928ರ ಫೆಬ್ರವರಿ 28ರಂದು ಸ್ಪಷ್ಟವಾಗಿ ಕಂಡರು; ಮಾರ್ಚ್ 16ರಂದು ಬೆಂಗಳೂರಿನಲ್ಲಿ ಮಾಡಿದ ಉಪನ್ಯಾಸದಲ್ಲಿ ಈ ಹೊಸ ವಿಕಿರಣವನ್ನು ವಿವರಿಸಿದರು. ಬೆಳಕಿನ ಕಣವೊಂದು ಅಣುವಿಗೆ ತಗಲಿದಾಗ ತನ್ನ ಶಕ್ತಿಯಲ್ಲಿ ಒಂದು ಪಾಲನ್ನು ಅದಕ್ಕೆ ಕೊಟ್ಟರೆ, ಉಳಿದ ಶಕ್ತಿಗೆ ತಕ್ಕಂತೆ ಅದರ ಬಣ್ಣ ಬದಲಾಗುತ್ತದೆ. ಹೀಗೆ ಬದಲಾಗುವುದು ಸುಮಾರು ಕೋಟಿಗೊಂದು ಕಣ ಮಾತ್ರ.

ಇದೂ ಅತಿ ಮಂದವಾದ ಬೆಳಕು. ಇದನ್ನೂ ಮೊದಲು ಕಂಡದ್ದು ಬರಿಗಣ್ಣೇ. ಎನ್-ಕಿರಣದ ನೆನಪಿದ್ದವರು ಸಂಶಯಪಟ್ಟಿದ್ದರೆ ಆಶ್ಚರ್ಯವಿರಲಿಲ್ಲ. ಆದರೆ ರಾಮನ್ ಅವರ ಪ್ರಯೋಗದಲ್ಲಿಯೇ ಪರೀಕ್ಷೆ ಅಡಗಿತ್ತು. ಅವರು ಎರಡು ಬಣ್ಣದ ಸೋಸುಗಗಳನ್ನು ಬಳಸಿದರು: ಒಂದು ನೀಲಿ-ನೇರಳೆಯನ್ನು ಮಾತ್ರ ಬಿಡುವುದು, ಇನ್ನೊಂದು ಹಳದಿ-ಹಸಿರನ್ನು ಮಾತ್ರ ಬಿಡುವುದು. ಎರಡನ್ನೂ ಒಟ್ಟಿಗೆ ದ್ರವಕ್ಕೆ ಮುಂಚೆ ಇಟ್ಟರೆ ಬೆಳಕು ಪೂರ್ತಿಯಾಗಿ ತಡೆಯಲ್ಪಟ್ಟು ದ್ರವದಲ್ಲಿ ಏನೂ ಕಾಣದು. ಹಳದಿ-ಹಸಿರಿನ ಸೋಸುಗವನ್ನು ಅಲ್ಲಿಂದ ತೆಗೆದು ದ್ರವಕ್ಕೂ ಕಣ್ಣಿಗೂ ನಡುವೆ ಇಟ್ಟೊಡನೆ ಬೆಳಕಿನ ದಾರಿ ಮತ್ತೆ ಕಾಣುತ್ತದೆ. ಸೋಸುಗಗಳು ಅವೇ, ಬದಲಾದುದು ಒಂದರ ಸ್ಥಾನ ಮಾತ್ರ. ಆದುದರಿಂದ ಹಳದಿ-ಹಸಿರಿನ ಬೆಳಕು ದ್ರವದೊಳಗೇ ಹುಟ್ಟಿರಬೇಕು. ನ್ಯಾನ್ಸಿಯಲ್ಲಿ ಉಪಕರಣದ ಮುಖ್ಯ ಭಾಗವನ್ನೇ ತೆಗೆದರೂ ಕಂಡದ್ದು ಬದಲಾಗಲಿಲ್ಲ. ಕಲ್ಕತ್ತೆಯಲ್ಲಿ ಒಂದು ಭಾಗವನ್ನು ಜರುಗಿಸಿದೊಡನೆ ಕಂಡದ್ದೆಲ್ಲ ಬದಲಾಯಿತು. ಹುಸಿಗೂ ದಿಟಕ್ಕೂ ಇರುವ ಅಂತರ ಇಷ್ಟೇ, ಆದರೆ ಇಷ್ಟು ದೊಡ್ಡದು. ಮುಂದೆ ಛಾಯಾಫಲಕದ ಮೇಲೆ ಹೊಸ ಗೆರೆಗಳು ತಮ್ಮ ತಮ್ಮ ಸ್ಥಾನಗಳಲ್ಲಿ ಮೂಡಿ, ಯಾರು ಬೇಕಾದರೂ ಅಳೆಯುವಂತಾದುವು. ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಅದೇ ವರ್ಷ ಸ್ವತಂತ್ರವಾಗಿ ಸ್ಫಟಿಕಗಳಲ್ಲಿ ಇದೇ ಪರಿಣಾಮವನ್ನು ಕಂಡರು.

ವುಡ್ ಈ ಸುದ್ದಿಯನ್ನು ಕೇಳಿದೊಡನೆ ಪ್ರಯೋಗವನ್ನು ತಾನೇ ಮಾಡಿದನು. ರಾಮನ್ ಅವರ ಶೋಧ ಎಲ್ಲ ವಿವರಗಳಲ್ಲಿಯೂ ಸರಿಯೆಂದು ಕಂಡು, ಕ್ವಾಂಟಮ್ ಸಿದ್ಧಾಂತಕ್ಕೆ ದೊರೆತ ಅತ್ಯಂತ ಮನವರಿಕೆಯಾಗುವ ಪ್ರಮಾಣಗಳಲ್ಲಿ ಇದೂ ಒಂದೆಂದು 1928ರಲ್ಲಿಯೇ ಸಾರಿದನು. ಅಷ್ಟಕ್ಕೆ ನಿಲ್ಲದೆ ಉಪಕರಣವನ್ನೂ ಸುಧಾರಿಸಿದನು. ದ್ರವವನ್ನು ಉದ್ದವಾದ ಕೊಳವೆಯಲ್ಲಿ ತುಂಬಿ, ಪಕ್ಕದಲ್ಲಿಯೇ ಉದ್ದಕ್ಕೂ ಪಾದರಸದ ದೀಪವನ್ನು ಇಟ್ಟನು. ಕೊಳವೆಯ ಹಿಂತುದಿಯನ್ನು ಕೊಂಬಿನಂತೆ ಬಾಗಿಸಿ ಕಪ್ಪು ಬಳಿದು, ಬೇಡದ ಬೆಳಕು ಅಲ್ಲಿಯೇ ಅಡಗುವಂತೆ ಮಾಡಿದನು. ವುಡ್‌ನ ಈ ಕೊಳವೆ ಬಹುಕಾಲ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿತ್ತು. ಎನ್-ಕಿರಣವನ್ನು ಅಳಿಸಿದ್ದವನ ಸಾಕ್ಷ್ಯಕ್ಕೆ ಸಹಜವಾಗಿಯೇ ಹೆಚ್ಚಿನ ಬೆಲೆಯಿತ್ತು. 1930ರಲ್ಲಿ ರಾಮನ್ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಕೊನೆಯ ದಿನಗಳು

ವುಡ್‌ಗೆ ಆ ಪಾರಿತೋಷಕ ಬರಲಿಲ್ಲ. ಆದರೆ 1935ರಲ್ಲಿ ಅಮೆರಿಕದ ಭೌತವಿಜ್ಞಾನಿಗಳ ಸಂಘಕ್ಕೆ ಅಧ್ಯಕ್ಷನಾದನು. 1938ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ರಮ್ಫರ್ಡ್ ಪದಕವನ್ನು ನೀಡಿತು. ಮಕ್ಕಳಿಗಾಗಿ ತಾನೇ ಚಿತ್ರ ಬರೆದು ಹಾಸ್ಯಪದ್ಯಗಳ ಪುಸ್ತಕವನ್ನು ರಚಿಸಿದ ಈ ವಿನೋದಪ್ರಿಯ, 1955ರ ಆಗಸ್ಟ್ 11ರಂದು ತನ್ನ 87ನೆಯ ವಯಸ್ಸಿನಲ್ಲಿ ತೀರಿಕೊಂಡನು. ಚಂದ್ರನ ಒಂದು ಕುಳಿಗೆ ಅವನ ಹೆಸರಿದೆ. ಅಮೆರಿಕದ ದ್ಯುತಿವಿಜ್ಞಾನ ಸಂಘ ಅವನ ಹೆಸರಿನಲ್ಲಿ 1975ರಿಂದ ಬಹುಮಾನವನ್ನು ಕೊಡುತ್ತ ಬಂದಿದೆ.

ಪ್ರಯೋಗಶಾಲೆಯಲ್ಲಿ ಪುಸ್ತಕದ ಉತ್ತರ ಬಂದೊಡನೆ ನಾವು ಸಂತೋಷದಿಂದ ಉಪಕರಣವನ್ನು ಎತ್ತಿಡುವುದುಂಟು. ಅದಕ್ಕೆ ಮೊದಲು ಒಂದು ಭಾಗವನ್ನು ತೆಗೆದು, ಇಲ್ಲವೆ ಜರುಗಿಸಿ, ಉತ್ತರ ಬದಲಾಗುತ್ತದೆಯೇ ಎಂದು ನೋಡುವುದು ಒಳ್ಳೆಯದು. ಬದಲಾಗಬೇಕಾದಾಗ ಬದಲಾಗದಿದ್ದರೆ, ಅಳೆಯುತ್ತಿರುವುದು ಪ್ರಕೃತಿಯನ್ನಲ್ಲ, ನಮ್ಮ ನಿರೀಕ್ಷೆಯನ್ನೇ ಎಂದು ತಿಳಿಯಬೇಕು.